ಓಡಿದ್ದು ಒಲೆಯೇ: ಮಗಳಿಗೊಂದು ಪತ್ರ

ಪುಟ್ಟೀ,

ಶನಿವಾರ ನೀನು ಫೋನ್ ಕುಕ್ಕಿದ್ದು ಸರಿಯೇ. ಚಿಕ್ಕಂದಿನಲ್ಲಿ ನೋಡಿದ, ಒಲೆ ಓಡುವ ಚಿತ್ರವಿದ್ದ ಆ ಸೋವಿಯತ್ ಕಾಲದ ಕನ್ನಡ ಪುಸ್ತಕ ಮತ್ತೆ ಬೇಕು ಅಂದೆ. ಅದಿದ್ದ ಟ್ರಂಕು ಗುಜರಿಗೆ ಹೋದದ್ದು ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ "ಒಲೆ ಎಲ್ಲಾದರೂ ರಸ್ತೇಲಿ ಓಡುತ್ತೇನೇ? ಎರಡು ಪುಸ್ತಕ ಕಲಸಿಕೊಂಡಿದ್ದೀಯ" ಅಂದೆನಲ್ಲ, ಅದು ನನ್ನ ತಪ್ಪು. ಒಲೆ ಓಡಿದೆ. ಗೋಡೆ ಒಡೆದುಕೊಂಡು ಬೀದಿಗಿಳಿದು ರಾಜನ ಅರಮನೆವರೆಗೂ ಓಡಿದೆ.

ಅದು ರಷ್ಯಾದ ಜಾನಪದ ಕತೆ. ಎಮೆಲ್ಯ ಅನ್ನುವ ಸೋಂಬೇರಿಗೆ ಮಂಜುಗಟ್ಟಿದ ಹೊಳೆಯಲ್ಲಿ ಒಂದು ಮೀನು ಸಿಗುತ್ತದೆ. ಬಿಟ್ಟುಬಿಟ್ಟರೆ ಕೇಳಿದ್ದೆಲ್ಲ ಆಗುವ ಹಾಗೆ ಮಾಡುತ್ತೇನೆ ಅನ್ನುತ್ತದೆ. ಆಮೇಲೆ ನೀರಿನ ಬಕೆಟ್ ತಾವೇ ನಡೆದು ಮನೆಗೆ ಬರುತ್ತವೆ, ಕುದುರೆಯಿಲ್ಲದೆ ಜಾರುಬಂಡಿ ಹೊರಡುತ್ತದೆ. ರಾಜ ಕರೆಸಿದಾಗ ಇವನು ಮಲಗಿದಲ್ಲಿಂದ ಏಳದೆ ಒಲೆಗೇ ಹೊರಡು ಅನ್ನುತ್ತಾನೆ. ನಾಲ್ಕು ವರ್ಷದವಳು ನೋಡಿದ ಒಂದು ಚಿತ್ರ ಇಷ್ಟು ಕಾಲ ಕೆಡದೆ ಉಳಿದಿದೆಯಲ್ಲ, ನನಗೆ ಹೆಮ್ಮೆಯಾಯಿತು. ಫೋನಿನಲ್ಲಿ ಹೇಳಲಾಗಲಿಲ್ಲ.

ನಾನು ಎಡವಿದ್ದು "ಒಲೆ" ಅನ್ನುವ ಮಾತಿನಲ್ಲಿ. ನಮ್ಮ ಒಲೆ ಮೊಣಕಾಲೆತ್ತರ ದಾಟುವುದಿಲ್ಲ. ಮೂರು ಗುಂಡು, ಮೇಲೊಂದು ಪಾತ್ರೆ, ಹೆಚ್ಚೆಂದರೆ ಬಚ್ಚಲಿನ ಹಂಡೆ ಒಲೆ. ಅದರ ಮೇಲೆ ಮಲಗಿದರೆ ಮನುಷ್ಯ ಸುಟ್ಟುಹೋಗುತ್ತಾನೆ. ರಷ್ಯಾದ ಹಳ್ಳಿಮನೆಯ "ಪೇಚ್" ಇಟ್ಟಿಗೆಯಲ್ಲಿ ಕಟ್ಟಿ ಸುಣ್ಣ ಬಳಿದ, ಕೋಣೆಯ ದೊಡ್ಡ ಪಾಲು ನುಂಗುವ ಕಟ್ಟಡ. ಬಾಯಿ ಮುಂದೆ, ಮಲಗುವ ಜಾಗ ಮೇಲೆ. ಬೆಳಿಗ್ಗೆ ಸೌದೆ ಉರಿಸಿದರೆ ದಪ್ಪ ಇಟ್ಟಿಗೆ ಗಂಟೆಗಟ್ಟಲೆ ಕಾವು ಹಿಡಿದಿಡುತ್ತದೆ. ಅದಕ್ಕೇ ಮುದುಕರು, ಮಕ್ಕಳು ಅದರ ಮೇಲೇ ಮಲಗುತ್ತಿದ್ದರು. ನೀನು "ಬಿಳೀ ಗೋಡೆ ಮೇಲೆ ಒಬ್ಬ ಮಲಗಿದ್ದ, ಗೋಡೆ ಹೋಗ್ತಿತ್ತು" ಅಂದೆ. ಆ ಗೋಡೆಯೇ ಒಲೆ.

ಈಗ ಹುಡುಕುವ ವಿಷಯ. ಕತೆ ಸಿಕ್ಕಿತು ಅಂದಮಾತ್ರಕ್ಕೆ ನಿನ್ನ ಪುಸ್ತಕ ಸಿಕ್ಕಿತು ಅಂತಲ್ಲ. ಒಂದೇ ಕತೆಗೆ ಬೇರೆ ಬೇರೆ ಕಲಾವಿದರು ಚಿತ್ರ ಬರೆದಿರುತ್ತಾರೆ. ಹೆಸರು ನೋಡಿ ದುಡ್ಡು ಕೊಟ್ಟರೆ ಬೇರೆಯವರ ಒಲೆ ಮನೆಗೆ ಬರುತ್ತದೆ. ಗೆರೆ ದಪ್ಪ, ಸುತ್ತ ಬಳ್ಳಿ-ಹೂವಿನ ಅಂಚು ಇದ್ದರೆ ಬಿಲಿಬಿನ್ ಶೈಲಿ. ಪ್ರಾಣಿಗಳು ಹಳ್ಳಿಯವರ ಬಟ್ಟೆ ತೊಟ್ಟಿದ್ದರೆ ರಾಚೆವ್ ನೆನಪಾಗಬೇಕು. ಬಣ್ಣ ಸಂತೆಯ ಹಾಗೆ ಚೆಲ್ಲಾಡಿದ್ದರೆ 1976ರಲ್ಲಿ ಮಕ್ಕಳ ಪುಸ್ತಕದ ಚಿತ್ರಗಳಿಗೆ ಆಂಡರ್ಸನ್ ಪ್ರಶಸ್ತಿ ಪಡೆದ ತತ್ಯಾನಾ ಮಾವ್ರಿನಾ ಕಡೆ ನೋಡು. ಕಣ್ಣು ಮುಚ್ಚಿ ಅಂಚನ್ನು ನೆನಪಿಸಿಕೋ. ರಟ್ಟಿನ ಬಣ್ಣ ನಂಬಬೇಡ, ಅದು ಎಲ್ಲರಿಗೂ ಮೋಸ ಮಾಡುತ್ತದೆ.

ಮುಂದೆ, ಪಿನ್ನು ಹೊಡೆದ ತೆಳು ಪುಸ್ತಕವೋ, ಗಟ್ಟಿ ರಟ್ಟಿನ ದಪ್ಪ ಪುಸ್ತಕವೋ? ದಪ್ಪದ್ದಾದರೆ ಅದು ಸಂಕಲನ. ಆಗ ಈ ಕತೆಯ ಹೆಸರು ರಟ್ಟಿನ ಮೇಲೆ ಇಲ್ಲದಿರಬಹುದು, "ರಷ್ಯನ್ ಜಾನಪದ ಕತೆಗಳು" ಅನ್ನುವಂಥದ್ದನ್ನು ಹುಡುಕಬೇಕು. ಕತೆ-ಕಥೆ, ರಷ್ಯ-ರಶ್ಯ-ರಷಿಯಾ, ಪ್ರಕಾಶಕರ ಹೆಸರಾದ ರಾದುಗ-ರಾದುಗಾ, ಎಲ್ಲ ಕಾಗುಣಿತದಲ್ಲೂ ಹುಡುಕು. ಹಳೆ ಪುಸ್ತಕಗಳ ಸ್ಕ್ಯಾನ್ ಸಿಗುವ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಕನ್ನಡ ಪುಸ್ತಕದ ಹೆಸರನ್ನು ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿ, ಮನಸ್ಸಿಗೆ ಬಂದ ಹಾಗೆ ಬರೆದಿರುತ್ತಾರೆ. ಮೀನಿನ ಹೆಸರು ಹಾಕಬೇಡ. ಆ ಮೀನು ನಮ್ಮ ಹೊಳೆಗಳಲ್ಲಿಲ್ಲ, ಅನುವಾದಕರು ಏನು ಬೇಕಾದರೂ ಕರೆದಿರಬಹುದು.

ಮೊದಲ ಪುಟದ ಪ್ರಕಾಶಕರ ಹೆಸರಿನಿಂದ ಕಾಲ ತಿಳಿಯುತ್ತದೆ. ಮಾಸ್ಕೋದ ವಿದೇಶಿ ಭಾಷಾ ಪ್ರಕಾಶನ 1963ರಲ್ಲಿ ಪ್ರಗತಿ ಪ್ರಕಾಶನವಾಯಿತು. 1982ರಲ್ಲಿ ಸಾಹಿತ್ಯ ಮತ್ತು ಮಕ್ಕಳ ಪುಸ್ತಕಕ್ಕೆಂದು ರಾದುಗ ಬೇರೆಯಾಯಿತು. ನಿನ್ನದು 1989ರ ಹೊತ್ತಿಗೆ ಮನೆಯಲ್ಲಿತ್ತು, ಹೊಸದೇ ಇತ್ತು. ಆದ್ದರಿಂದ ರಾದುಗದಿಂದ ಶುರುಮಾಡು. ನಮ್ಮಲ್ಲಿ ಇವನ್ನೆಲ್ಲ ಮಾರುತ್ತಿದ್ದದ್ದು ನವಕರ್ನಾಟಕ. ಭಾರತದಲ್ಲಿ ಪ್ರಕಟವಾದ ಪುಸ್ತಕದ ಪ್ರತಿಯನ್ನು 1954ರ ಕಾಯ್ದೆ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಲೇಬೇಕು. ಮಾಸ್ಕೋದಲ್ಲಿ ಪ್ರಕಟವಾದದ್ದಕ್ಕೆ ಆ ಕಟ್ಟುಪಾಡಿಲ್ಲ. ಹಾಗಾಗಿ ದೊಡ್ಡ ಗ್ರಂಥಾಲಯದ ಪಟ್ಟಿಯಲ್ಲಿ ಕಾಣದಿದ್ದರೆ ಪುಸ್ತಕವೇ ಇರಲಿಲ್ಲ ಅಂದುಕೊಳ್ಳಬೇಡ. ನಾನು ನಿನ್ನ ಒಲೆಗೆ ಮಾಡಿದ್ದು ಅದನ್ನೇ.

ಮುಖ್ಯವಾದದ್ದು ಕೊನೆಯ ಪುಟ. ಸೋವಿಯತ್ ಪುಸ್ತಕದ ಹಿಂದೆ ಸಣ್ಣಕ್ಷರದಲ್ಲಿ ರಷ್ಯನ್ ವಿವರ ಇರುತ್ತದೆ: ಮೂಲ ಹೆಸರು, ಅಚ್ಚಿಗೆ ಹೋದ ದಿನ, "ತಿರಾಝ್" ಅಂದರೆ ಎಷ್ಟು ಪ್ರತಿ, "ನಾ ಯಝಿಕೆ ಕನ್ನಡಾ" ಅಂದರೆ ಕನ್ನಡ ಭಾಷೆಯಲ್ಲಿ. ಫೋನಿನ ಕ್ಯಾಮೆರಾ ಅನುವಾದ ಇದನ್ನು ಓದುತ್ತದೆ. ರಷ್ಯನ್ ಹೆಸರೂ ಕಲಾವಿದರ ಹೆಸರೂ ಕೈಗೆ ಸಿಕ್ಕರೆ, ಅದೇ ಚಿತ್ರಗಳ ಹಿಂದಿ, ತೆಲುಗು, ರಷ್ಯನ್ ಪ್ರತಿ ಹುಡುಕುವುದು ಸುಲಭ. ಪಾಪುವಿಗೆ ಚಿತ್ರ ತೋರಿಸಿ ನೀನೇ ಕನ್ನಡದಲ್ಲಿ ಹೇಳಬಹುದು.

ಕೊಳ್ಳುವಾಗ ನಾಲ್ಕು ಫೋಟೊ ಕೇಳು: ರಟ್ಟು, ಮೊದಲ ಪುಟ, ಕೊನೆಯ ಪುಟ, ನಡುವಿನ ಪಿನ್ನು. ಪಿನ್ನು ತುಕ್ಕು ಹಿಡಿದರೆ ನಡುವಿನ ಹಾಳೆ ಕಳಚುತ್ತದೆ. 16 ಪುಟದ ಪುಸ್ತಕದಲ್ಲಿ ನಡುಹಾಳೆ ಹೋದರೆ 6ರಿಂದ ನೇರ 11ಕ್ಕೆ ಹಾರುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಮುಂಗಡ ಕಳಿಸಬೇಡ. ನೀನು ಬೇಗ ನಂಬುತ್ತೀಯ, ಆ ಬಾಡಿಗೆ ಮನೆ ವಿಷಯದಲ್ಲೂ... ಇರಲಿ, ಬುದ್ಧಿ ಹೇಳುವುದಿಲ್ಲ ಅಂತಲೇ ಕೂತಿದ್ದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರಲ್ಲಿ ಭಾನುವಾರ ನಾನೇ ನೋಡುತ್ತೇನೆ.

ಸಿಕ್ಕಿದ ಮೇಲೆ ಸೆಲೋಟೇಪ್ ಮಾತ್ರ ಹಚ್ಚಬೇಡ, ಅಂಟು ಹಳದಿಯಾಗಿ ಕಾಗದ ತಿನ್ನುತ್ತದೆ. ತುಕ್ಕಿನ ಪಿನ್ನನ್ನು ಒಳಗಡೆಯಿಂದ ಮೊಂಡು ಚಾಕುವಿನ ತುದಿಯಲ್ಲಿ ನೆಟ್ಟಗೆ ಮಾಡಿ, ಹೊರಗಡೆಯಿಂದ ಎಳೆದು ತೆಗೆ. ಅದೇ ತೂತುಗಳಲ್ಲಿ ಹತ್ತಿಯ ದಾರ ಪೋಣಿಸಿ ಒಳಗೆ ಗಂಟು ಹಾಕು. ಹುಳದ ಅನುಮಾನ ಬಂದರೆ ಗಾಳಿಯಾಡದ ಚೀಲದಲ್ಲಿಟ್ಟು 2 ವಾರ ಫ್ರೀಜರ್‌ನಲ್ಲಿಡು. ಹೊರಗೆ ತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚಬೇಡ. ಒಂದು ದಿನ ಹಾಗೇ ಬಿಡು, ಇಲ್ಲದಿದ್ದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ.

20ನೇ ತಾರೀಕು ನೀನು ವಿಮಾನ ಹತ್ತುವುದರೊಳಗೆ ಸಿಗುತ್ತದೆ ಅಂತ ಮಾತು ಕೊಡಲಾರೆ. ಆದರೆ ಒಂದು ಹೇಳು, ಸಿಟ್ಟಿದ್ದರೂ ಮೆಸೇಜಾದರೂ ಹಾಕು. ಒಲೆ ಪುಟದಲ್ಲಿ ಎಡಗಡೆಗೆ ಹೋಗುತ್ತಿತ್ತೋ, ಬಲಗಡೆಗೋ? ಚಿಮಣಿಯಿಂದ ಹೊಗೆ ಬರುತ್ತಿತ್ತಾ?

ಅಪ್ಪ