ಮನೆ ಕೊಳ್ಳಲು ಹೊರಟ ಮಗಳಿಗೆ ಅಪ್ಪನ ಪತ್ರ

ನವನಗರ, ಬಾಗಲಕೋಟೆ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಬೆಳಗಾವಿಯ ಟಿಳಕವಾಡಿಯಲ್ಲಿ ನೋಡಿದ ಮನೆ ನಿಮ್ಮಿಬ್ಬರಿಗೂ ಮನಸ್ಸಿಗೆ ಬಂದಿದೆಯೆಂದೂ, ಬರುವ ವಾರವೇ ಐದು ಲಕ್ಷ ಸಂಚಕಾರ ಕೊಟ್ಟು ಕರಾರುಪತ್ರ ಮಾಡಿಕೊಳ್ಳಿರೆಂದು ಏಜೆಂಟರು ಅವಸರಪಡಿಸುತ್ತಿದ್ದಾರೆಂದೂ ಹೇಳಿದೆಯಲ್ಲ, ನೀನು ಕಳಿಸಿದ ಕಾಗದಗಳನ್ನು ಪ್ರಿಂಟ್ ತೆಗೆಸಿ ಒಂದೊಂದಾಗಿ ಓದಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕುಳಿತು ಖರೀದಿ ಪತ್ರ, ವಾಟ್ನಿ (ಪಾಲು ವಿಂಗಡಣೆ) ಪತ್ರ ಬರೆಯುತ್ತಲೇ ಮುದುಕನಾದವನು ನಾನು. ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ಮರೆತುಹೋಗುತ್ತದೆಂದು ಬರೆದೇ ತಿಳಿಸುತ್ತಿದ್ದೇನೆ. ನೀವು ಮೊದಲು ನೋಡಿದ್ದ ಕ್ಯಾಂಪಿನ ಬಂಗಲೆಯನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ದಂಡು ಪ್ರದೇಶದ ಎಷ್ಟೋ ಬಂಗಲೆಗಳಲ್ಲಿ ನೆಲ ಕೇಂದ್ರ ಸರ್ಕಾರದ್ದಾಗಿದ್ದು, ನೀವು ಕೊಳ್ಳುವುದು ಮೇಲಿನ ಕಟ್ಟಡವನ್ನು ಅಥವಾ ಗುತ್ತಿಗೆಯ ಹಕ್ಕನ್ನು ಮಾತ್ರ.

ಟಿಳಕವಾಡಿಯ ಮನೆಯ ಕಾಗದಗಳು ಮೇಲ್ನೋಟಕ್ಕೆ ಚೊಕ್ಕವಾಗಿವೆ. ಈಗ ತೀರಿಹೋಗಿರುವ ಯಜಮಾನರು 1978ರಲ್ಲಿ ನೋಂದಾಯಿತ ಖರೀದಿ ಪತ್ರದಿಂದ ಕೊಂಡಿದ್ದಾರೆ, ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರು ತಾಳೆಯಾಗುತ್ತದೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಸರಿಯಿದೆ. ಅದಕ್ಕೂ ಹಿಂದಿನ ಮೂಲ ಪತ್ರ ಮರಾಠಿಯಲ್ಲಿರುವುದರಿಂದ, ಮುಂಬಯಿ ಪ್ರಾಂತದ ಕಾಲದ ಬೆಳಗಾವಿಯ ಕಾಗದಗಳನ್ನು ಓದಬಲ್ಲ ಹಳೆಯ ವಕೀಲರೊಬ್ಬರಿಂದ ಅದನ್ನು ಓದಿಸಿಕೊಳ್ಳಿ. ನನ್ನ ಕಣ್ಣು ತಡೆದು ನಿಂತದ್ದು ಸಿಟಿ ಸರ್ವೆ ಉತಾರದ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆಯೆಂದು ತೋರಿಸುವ ದಾಖಲೆಯ ಮೇಲೆ. ಅದರಲ್ಲಿರುವುದು ಎರಡೇ ಹೆಸರು: ಯಜಮಾನರ ಕಿರಿಯ ಮಗ ಮತ್ತು ತೀರಿಹೋದ ಹಿರಿಯ ಮಗನ ಹೆಂಡತಿ. ಇವರಿಬ್ಬರೂ ಸಹಿ ಮಾಡಿದರೆ ಮುಗಿಯಿತೆಂದು ಏಜೆಂಟರು ಹೇಳಿದರಂತೆ. ಯಜಮಾನರಿಗೆ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆಂದು ನೀನೇ ಹೇಳಿದ ನೆನಪು.

ಉತಾರದಲ್ಲಿ ಹೆಸರು ಇರುವುದೇ ಬೇರೆ, ಮನೆಯ ಮೇಲೆ ಹಕ್ಕು ಇರುವುದೇ ಬೇರೆ. ಸಿಟಿ ಸರ್ವೆಯ ನೋಂದಾಗಲಿ, ಪಾಲಿಕೆಯ ಇ-ಖಾತೆಯಾಗಲಿ ಕಂದಾಯಕ್ಕಾಗಿ ಇಟ್ಟ ದಾಖಲೆ. ಅದರಿಂದ ಯಾರಿಗೂ ಹಕ್ಕು ಹುಟ್ಟುವುದಿಲ್ಲ, ಅದರಲ್ಲಿ ಹೆಸರಿಲ್ಲವೆಂದು ಯಾರ ಹಕ್ಕೂ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ನಮ್ಮ ಕಡೆ ತಂದೆ ತೀರಿದ ಮೇಲೆ ವಾರಸಾ (ವಾರಸುದಾರರ ಹೆಸರು ದಾಖಲು) ಮಾಡಿಸುವಾಗ ವಂಶಾವಳಿಯಲ್ಲಿ ಗಂಡುಮಕ್ಕಳನ್ನಷ್ಟೇ ಬರೆಸಿ, ಮದುವೆಯಾಗಿ ಹೋದವರನ್ನು ಬಿಟ್ಟುಬಿಡುವ ರೂಢಿ ಎಷ್ಟು ಬಲವಾಗಿತ್ತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಮನೆಯಲ್ಲಿಯೂ ಆಗಿರುವುದು ಅದೇ.

ಆ ಹೆಣ್ಣುಮಕ್ಕಳ ಮದುವೆ 1994ಕ್ಕಿಂತ ಮೊದಲೇ ಆದದ್ದರಿಂದ ಅವರಿಗೆ ಹಕ್ಕಿಲ್ಲ ಎಂಬುದು ಏಜೆಂಟರ ಎರಡನೆಯ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಲ್ಲಿ ಅಂಥದೊಂದು ಮಿತಿ ಇದ್ದದ್ದು ನಿಜ, ಆದರೆ ಅದು ಪಿತ್ರಾರ್ಜಿತ ಅವಿಭಕ್ತ ಆಸ್ತಿಗೆ ಸಂಬಂಧಿಸಿದ್ದು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯೂ, ಆ ದಿನ ತಂದೆ ಬದುಕಿರದಿದ್ದರೂ ಮಗಳಿಗೆ ಹಕ್ಕುಂಟೆಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಬಂದ ತೀರ್ಪೂ ಅಂಥ ಆಸ್ತಿಯ ಮಾತನ್ನೇ ಆಡುತ್ತವೆ. ತಂದೆ ಸ್ವಂತ ದುಡಿಮೆಯಿಂದ ಕೊಂಡ ಮನೆಗೆ ಇದಾವುದೂ ಬೇಕಿಲ್ಲ. ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಮಗ, ಮಗಳು, ತಾಯಿ ಎಲ್ಲರಿಗೂ ಸಮಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೆಯ ಕಲಮೇ ಹೇಳುತ್ತದೆ.

ಈಗ ಲೆಕ್ಕ ಹಾಕೋಣ. ಕಾಗದ, ಪೆನ್ನು ಹಿಡಿದು ಕೂಡು. ಮನೆಯನ್ನು 15 ಭಾಗವೆಂದು ಎಣಿಸು. ಯಜಮಾನರು 1996ರಲ್ಲಿ ತೀರಿಕೊಂಡಾಗ ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಹೀಗೆ ಐವರಿಗೆ ತಲಾ 3 ಭಾಗ ಬಂತು. ಹಿರಿಯ ಮಗ 2011ರಲ್ಲಿ ತೀರಿಕೊಂಡ. ಆಗ ತಾಯಿ ಬದುಕಿದ್ದರು. ಆದ್ದರಿಂದ ಅವನ 3 ಭಾಗದಲ್ಲಿ ಹೆಂಡತಿಗೆ 1, ಮಗನಿಗೆ 1, ತಾಯಿಗೆ 1 ಹೋಗಿ, ತಾಯಿಯ ಪಾಲು 4 ಆಯಿತು. ಆಕೆ 2016ರಲ್ಲಿ ತೀರಿಕೊಂಡಾಗ ಆ 4 ಭಾಗ ಉಳಿದ ಮೂವರು ಮಕ್ಕಳಿಗೂ ಹಿರಿಯ ಮಗನ ಮಗನಿಗೂ ಒಂದೊಂದರಂತೆ ಹಂಚಿಹೋಯಿತು. ಈಗ ಕಿರಿಯ ಮಗನಿಗೆ 4, ಅಕ್ಕತಂಗಿಯರಿಗೆ 4 ಮತ್ತು 4, ಮೊಮ್ಮಗನಿಗೆ 2, ಸೊಸೆಗೆ 1. ಅಂದರೆ ಉತಾರದಲ್ಲಿ ಹೆಸರಿರುವ ಇಬ್ಬರದೂ ಸೇರಿ ಬರುವುದು 15ರಲ್ಲಿ 5, ಮನೆಯ ಮೂರನೆಯ ಒಂದು ಪಾಲು ಮಾತ್ರ. ಹೆಸರೇ ಇಲ್ಲದ ಹೆಣ್ಣುಮಕ್ಕಳದು ಅರ್ಧಕ್ಕಿಂತ ಹೆಚ್ಚು.

ಒಂದು ವೇಳೆ ತಾಯಿ ಮೊದಲು ತೀರಿಕೊಂಡು ಮಗ ಆಮೇಲೆ ತೀರಿದ್ದರೆ ಸೊಸೆಗೂ ಮೊಮ್ಮಗನಿಗೂ ತಲಾ ಎಂಟರಲ್ಲಿ ಒಂದು ಪಾಲು ಬರುತ್ತಿತ್ತು. ಆದಕಾರಣ ಮೂರೂ ಮರಣ ಪ್ರಮಾಣಪತ್ರಗಳನ್ನು ಕೇಳಿ ಪಡೆದು, ಯಾರು ಯಾವ ದಿನ ತೀರಿಕೊಂಡರೆಂಬುದನ್ನು ನೋಡು. ನಾನು ಇಲ್ಲಿ ಬರೆದಿರುವುದು ಅವರು ಬಾಯಿಮಾತಿನಲ್ಲಿ ಹೇಳಿದ ವರ್ಷಗಳ ಮೇಲಿನ ಲೆಕ್ಕ. ಉಯಿಲು ಇಲ್ಲವೆಂಬುದನ್ನು ಎಲ್ಲ ವಾರಸುದಾರರಿಂದಲೂ ಪತ್ರದಲ್ಲಿಯೇ ಬರೆಸಿಕೊಳ್ಳಬೇಕು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳಿದ್ದರೆ ಬಿಳಿ ಹಾಳೆಯ ಮೇಲೆ ಬರೆದದ್ದೂ ನಡೆಯುತ್ತದೆ, ಟ್ರಂಕಿನ ತಳದಿಂದ ಯಾವಾಗ ಬೇಕಾದರೂ ಎದ್ದು ಬರುತ್ತದೆ.

ಇವರೆಲ್ಲರಲ್ಲಿ ನನಗೆ ಹೆಚ್ಚು ಚಿಂತೆ ಆ ಮೊಮ್ಮಗನದು. ಅವನಿಗಿನ್ನೂ ಹದಿನೆಂಟು ತುಂಬಿಲ್ಲ. ಅವನ ಪಾಲನ್ನು ತಾಯಿ ಮಾರಬೇಕಾದರೆ 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೆಯ ಕಲಮಿನ ಪ್ರಕಾರ ನ್ಯಾಯಾಲಯದ ಪೂರ್ವಾನುಮತಿ ಬೇಕು. ಅನುಮತಿಯಿಲ್ಲದೆ ಆಕೆ ‘ಅಜ್ಞಾನ (ಅಪ್ರಾಪ್ತ) ಮಗನ ಪರವಾಗಿ’ ಎಂದು ಸಹಿ ಮಾಡಿಕೊಟ್ಟರೆ, ಹುಡುಗನು ಪ್ರಾಪ್ತನಾದ ಮೂರು ವರ್ಷದೊಳಗೆ ದಾವೆ ಹೂಡಿ ಆ ಮಾರಾಟವನ್ನು ರದ್ದುಪಡಿಸಿಕೊಳ್ಳಬಹುದು. ಅನುಮತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆಂದು ಏಜೆಂಟರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ.

ಹೆಣ್ಣುಮಕ್ಕಳನ್ನು ‘ಸಮ್ಮತಿ ಸಾಕ್ಷಿ’ ಎಂದು ಕೊನೆಯ ಪುಟದಲ್ಲಿ ಸಹಿ ಮಾಡಿಸುವ ಒಂದು ವಾಡಿಕೆಯಿದೆ. ಬೇಡ. ಅವರು ಮಾರುವವರ ಸಾಲಿನಲ್ಲಿಯೇ ನಿಲ್ಲಬೇಕು, ಅವರ ಪಾಲಿನ ಹಣ ಅವರ ಖಾತೆಗೇ ಹೋಗಬೇಕು. ಅವರಲ್ಲಿ ಪುಣೆಯಲ್ಲಿರುವ ಅಕ್ಕ ಬರಲಾಗದಿದ್ದರೆ ಕ್ರಮಬದ್ಧವಾದ ಮುಖ್ತಿಯಾರ ಪತ್ರ (ಪವರ್ ಆಫ್ ಅಟಾರ್ನಿ) ಕೊಡಬಹುದು, ಆದರೆ ಖರೀದಿ ಪತ್ರದ ದಿನ ಆಕೆ ಬದುಕಿದ್ದು ಆ ಅಧಿಕಾರ ಊರ್ಜಿತದಲ್ಲಿರಬೇಕು. ಬರೀ ಮುಖ್ತಿಯಾರ ಪತ್ರ, ಕರಾರುಪತ್ರಗಳ ಮೇಲೆಯೇ ಮನೆ ಕೊಂಡಂತಾಯಿತೆಂದು ಯಾರಾದರೂ ಹೇಳಿದರೆ, ಹಾಗೆ ಮಾಲಕಿ (ಒಡೆತನ) ಬರುವುದಿಲ್ಲವೆಂದು 2011ರಲ್ಲಿಯೇ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದೇವೆ, ಬೋಜಾ (ಸಾಲದ ಭಾರ) ಏನೂ ಇಲ್ಲ ಎಂದು ನೀನು ಹೇಳಿದೆ. ನೀನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ತೆಗೆಸಿರುವುದು 2004ರ ಏಪ್ರಿಲ್‌ನಿಂದ ಈಚಿನದು. 1978ರಿಂದ ಅಲ್ಲಿಯವರೆಗಿನದನ್ನು ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆಸಬೇಕು. ಅದರಲ್ಲಿ ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ಮೂಲ ಪತ್ರಗಳನ್ನು ಒಂದು ಪತ್ತಿನ ಸಂಘದಲ್ಲಿಟ್ಟು ಸಾಲ ತೆಗೆದಿದ್ದರೂ, ಅಕ್ಕತಂಗಿಯರು ಈಗಾಗಲೇ ಪಾಲಿನ ದಾವೆ ಹಾಕಿದ್ದರೂ ಇ.ಸಿ.ಯಲ್ಲಿ ಬರದೇ ಇರಬಹುದು. 1978ರ ಪತ್ರದ ಮೂಲ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಸಂಚಕಾರದ ಮಾತು.

ಖರ್ಚಿನ ವಿಷಯ ಚಿಕ್ಕದು. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಮತ್ತು ನಿಮ್ಮ ಬೆಲೆಗಳಲ್ಲಿ ಹೆಚ್ಚಿನದರ ಮೇಲೆ ಮುದ್ರಾಂಕ ಶುಲ್ಕ ಶೇ 5, ಅದಕ್ಕೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಈ ಮನೆಯ 60 ಲಕ್ಷ ಬೆಲೆಗೆ 4,56,000 ರೂಪಾಯಿ ಬೇರೆ ತೆಗೆದಿಡಬೇಕು. ಬೆಲೆ 50 ಲಕ್ಷ ಮೀರಿರುವುದರಿಂದ ಶೇ 1 ಟಿ.ಡಿ.ಎಸ್. (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು, ಮಾರುವವರು ಒಬ್ಬೊಬ್ಬರ ಪ್ಯಾನ್‌ಗೂ ಬೇರೆ ಬೇರೆಯಾಗಿ ನೀವೇ ತುಂಬಬೇಕು. ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡಿರೆಂದರೆ ಒಪ್ಪಬೇಡಿ.

ಇಷ್ಟು ಬರೆದ ಮೇಲೆ ನಮ್ಮ ಮನೆಯ ಮಾತನ್ನೂ ಹೇಳಲೇಬೇಕು. ನವನಗರದ ಈ ನಿವೇಶನದ ಹಂಚಿಕೆ ಪತ್ರ ನನ್ನ ಹೆಸರಿನಲ್ಲಿದೆ. ಆದರೆ ಆಲಮಟ್ಟಿಯ ಹಿನ್ನೀರಿಗೆ ಹೋದ ಹಳೇ ಬಾಗಲಕೋಟೆಯ ಮನೆ ನನ್ನ ಮುತ್ತಜ್ಜನ ಕಾಲದ್ದು, ಪಾಲಾಗದ್ದು. ಅದರ ಪರಿಹಾರದ ಹಣದಿಂದ ಪಡೆದ ಈ ನಿವೇಶನವೂ ಅದೇ ಗುಣದ್ದೆಂಬುದು ನನ್ನ ತಿಳಿವಳಿಕೆ. ಆದ್ದರಿಂದ ನಿನ್ನ ಪಾಲನ್ನೂ ಸೇರಿಸಿ ಇಡೀ ಮನೆಯನ್ನು ನಿನ್ನ ತಮ್ಮನಿಗೆ ಉಯಿಲಿನಲ್ಲಿ ಬರೆದುಕೊಡುವ ಅಧಿಕಾರ ನನಗಿಲ್ಲ. ಅವನು ಅಂಗಡಿಗಾಗಿ ಸಾಲ ಕೇಳಿದ್ದಾನೆ. ಪಂಚಮಿಗೆ ನೀನು ಬಂದಾಗ ಸಹಿ ಮಾಡಿಸಿಕೊಳ್ಳಲು ಒಂದು ಕರಡು ಬರೆಸಿಟ್ಟಿದ್ದಾನೆ. ಬ್ಯಾಂಕಿನವರು ಕೇಳಿರುವುದು ಅಡಮಾನಕ್ಕೆ ನಿನ್ನ ಒಪ್ಪಿಗೆ. ಅವನು ಬರೆಸಿರುವುದು ಹಕ್ಕು ಬಿಟ್ಟ ಪತ್ರ. ಅರಿಷಿಣ ಕುಂಕುಮಕ್ಕೆಂದು ಒಂದು ಸೀರೆ, ಒಂದಿಷ್ಟು ಹಣ ಕೊಟ್ಟು ಮುಗಿಸುವ ಆ ಪತ್ರವನ್ನು ನೋಂದಾಯಿಸಿದರೆ ಮತ್ತೆ ತಿರುಗಿಸಲು ಬರುವುದಿಲ್ಲ. ಅವನಿಗೆ ಕೆಟ್ಟ ಮನಸ್ಸಿಲ್ಲ, ಯಾರೋ ಹೇಳಿದ್ದನ್ನು ಕೇಳಿದ್ದಾನೆ. ಕರಡಿನ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ, ಅಳಿಯಂದಿರೊಂದಿಗೆ ಕುಳಿತು ಓದು. ಸಹಿ ಮಾಡುವುದು ಬಿಡುವುದು ನಿನ್ನ ಇಚ್ಛೆ. ಮಾಡಿದರೂ ಮಾಡದಿದ್ದರೂ ಪಂಚಮಿಗೆ ಬಾ.

ನಿನ್ನ ಅಪ್ಪ