ವಿಜ್ಞಾನ ಮೇಳಕ್ಕೆ ಮಾಡೆಲ್ ಬದಲು ನೋಟ್‌ಬುಕ್ ಏಕೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ವಿಜ್ಞಾನ ಮೇಳಕ್ಕೆ ಮಕ್ಕಳು ಬರೆದುಕೊಟ್ಟ ವಿಷಯಗಳಲ್ಲಿ ಕೆಲವನ್ನು ಕಳೆದ ವಾರ ವಾಪಸ್ ಕಳುಹಿಸಿದ್ದೆವು. ಆಮೇಲೆ ನಿಮ್ಮಲ್ಲಿ ಹಲವರು ಶಾಲೆಗೆ ಬಂದು ಮಾತನಾಡಿದ್ದೀರಿ, ಕೆಲವರು ಪತ್ರ ಬರೆದಿದ್ದೀರಿ. ಹೆಚ್ಚಿನವರ ಬೇಸರ ಒಂದೇ: "ಬೇರೆ ಶಾಲೆಯ ಮಕ್ಕಳು ವರ್ಕಿಂಗ್ ಮಾಡೆಲ್ ಇಟ್ಟು ಬಹುಮಾನ ತರುತ್ತಾರೆ, ನಮ್ಮ ಮಕ್ಕಳು ಒದ್ದೆ ಬಟ್ಟೆ ತೂಗುತ್ತಾ ಕೂತಿದ್ದಾರೆ." ಮಾತು ಚುರುಕಾಗಿದೆ, ಸುಳ್ಳೂ ಅಲ್ಲ. ಎಂಟನೇ ತರಗತಿಯ ಒಂದು ತಂಡ ನಿಜವಾಗಿಯೂ ಒದ್ದೆ ಬಟ್ಟೆಯನ್ನೇ ತೂಗುತ್ತಿದೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇವೆ.

ಮಳೆ ಹಿಡಿದಾಗ ಮನೆಯೊಳಗೆ ಹರವಿದ ಬಟ್ಟೆ ಬೇಗ ಒಣಗಲು ಫ್ಯಾನ್ ಹಾಕುವುದು ವಾಸಿಯೋ, ಕಿಟಕಿ ತೆರೆದಿಡುವುದು ವಾಸಿಯೋ? ಆ ಮಕ್ಕಳ ಪ್ರಶ್ನೆ ಇಷ್ಟೇ. "ಫ್ಯಾನ್ ಹಾಕಿದರೆ ಬೇಗ ಒಣಗುತ್ತದೆ, ಇದಕ್ಕೂ ಸಂಶೋಧನೆ ಬೇಕೇ?" ಎಂದು ಕೇಳಿದ್ದೀರಿ. ಬೇಗ ಎಂದರೆ ಎಷ್ಟು ಬೇಗ ಎಂದು ತಿರುಗಿ ಕೇಳಿದರೆ ಯಾರ ಹತ್ತಿರವೂ ಉತ್ತರವಿರುವುದಿಲ್ಲ. ಉತ್ತರ ಬೇಕಿದ್ದರೆ ತೂಗಬೇಕು, ಮತ್ತು ತೂಗುವುದು ಅಂದುಕೊಂಡಷ್ಟು ಸುಲಭವಲ್ಲ.

ತಂಡ ಮೊದಲು ಕರವಸ್ತ್ರ ತೆಗೆದುಕೊಂಡಿತ್ತು. ಒಣಗಿದ್ದಾಗ 10 ಗ್ರಾಂ, ನೆನೆಸಿದಾಗ 20 ಗ್ರಾಂ. ಪ್ರಯೋಗಾಲಯದ ತಕ್ಕಡಿ ತೋರಿಸುವುದು 1 ಗ್ರಾಂ ಲೆಕ್ಕದಲ್ಲಿ. ಅಂದರೆ ಇರುವ ನೀರಿನಲ್ಲಿ ಹತ್ತನೇ ಒಂದು ಭಾಗ ಹೋದ ಮೇಲೆಯೇ ಅಂಕಿ ಬದಲಾಗುವುದು. ಅದಕ್ಕೇ ಈಗ 100 ಗ್ರಾಂ ತೂಗುವ ಒಂದೇ ಬಗೆಯ ಮೂರು ಹತ್ತಿ ಟವೆಲ್‌ಗಳು ಬಂದಿವೆ. ಒಂದು ಫ್ಯಾನ್ ಎದುರಿಗೆ, ಒಂದು ತೆರೆದ ಕಿಟಕಿಯ ಬಳಿ, ಒಂದು ಎರಡೂ ಇಲ್ಲದ ಕೋಣೆಯಲ್ಲಿ. ಮೂರನೆಯದು ಇಲ್ಲದಿದ್ದರೆ ಮೊದಲಿನೆರಡರ ಲೆಕ್ಕಕ್ಕೆ ಆಧಾರವೇ ಇಲ್ಲ. ನೆನೆಸಿ ಹಿಂಡಿದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದಷ್ಟು ನೀರು ಉಳಿಯುತ್ತದೆ. ಆದ್ದರಿಂದ ಟವೆಲನ್ನು ತಕ್ಕಡಿಯ ಮೇಲಿಟ್ಟು ಸರಿಯಾಗಿ 200 ಗ್ರಾಂ ಆಗುವವರೆಗೆ ನೀರು ಹನಿಸುತ್ತಾರೆ. ಮೂರನ್ನೂ ಒಂದೇ ಹೊತ್ತಿಗೆ ನೇತುಹಾಕುತ್ತಾರೆ. ಇವತ್ತು ಫ್ಯಾನು, ನಾಳೆ ಕಿಟಕಿ ಎಂದು ಮಾಡಿದರೆ ಎರಡು ದಿನದ ಹವೆಯ ವ್ಯತ್ಯಾಸವೇ ಉತ್ತರವಾಗಿಬಿಡುತ್ತದೆ. ಅರ್ಧ ಗಂಟೆಗೊಮ್ಮೆ ತೂಕ. ತೂಗುವ ಜಾಗಕ್ಕೆ ಫ್ಯಾನಿನ ಗಾಳಿ ತಾಗಬಾರದು, ತಾಗಿದರೆ ಅಂಕಿ ಕುಣಿಯುತ್ತಲೇ ಇರುತ್ತದೆ. ಇಷ್ಟನ್ನೂ ಮೂರು ಸಲ ಮಾಡಬೇಕು.

ಗ್ರಾಫ್ ಹಾಕಿದರೆ ಮೊದಲು ಗೆರೆ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ, ಬಟ್ಟೆ ಒಣಗುತ್ತಾ ಬಂದಂತೆ ಬಾಗಿ ನಿಧಾನವಾಗುತ್ತದೆ. ಮೇಲ್ಮೈಯ ನೀರು ಆರುವುದೇ ಬೇರೆ, ನೂಲಿನೊಳಗೆ ಉಳಿದ ನೀರು ಹೊರಬರುವುದೇ ಬೇರೆ. ಪಠ್ಯಪುಸ್ತಕದ "ಬಾಷ್ಪೀಕರಣ" ಪಾಠದಲ್ಲಿ ಈ ಬಾಗು ಇಲ್ಲ. ಮಕ್ಕಳು ಅದನ್ನು ತಾವೇ ಕಂಡರು.

ಈಗ ನೋಟ್‌ಬುಕ್ ವಿಚಾರ: ಪ್ರಯೋಗ ಮಾಡುತ್ತಾ ಮಕ್ಕಳು ಬರೆದುಕೊಂಡ ನೋಟ್‌ಬುಕ್ಕೇ, ಫೇರ್ ಕಾಪಿ ಆಗದೆ, ಮೇಳಕ್ಕೆ ಬರಬೇಕು ಎಂದಿದ್ದೇವೆ. ನಿಮ್ಮಲ್ಲಿ ಅನೇಕರಿಗೆ ಇದೇ ಒಪ್ಪಿಗೆಯಾಗಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಆ ತಂಡದ ನೋಟ್‌ಬುಕ್‌ನಲ್ಲಿ ಫ್ಯಾನ್ ಎದುರಿನ ಟವೆಲ್‌ನ ತೂಕ ಹೀಗಿದೆ: 200, 181, 162, 153, 134. ಎಲ್ಲ ಕಡೆ ಅರ್ಧ ಗಂಟೆಗೆ 19 ಗ್ರಾಂ ಇಳಿದಿದೆ, ಒಂದು ಕಡೆ ಮಾತ್ರ 9. ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ, ಸೊಟ್ಟ ಅಕ್ಷರದಲ್ಲಿ, "ಕರೆಂಟ್ ಹೋಗಿತ್ತು, ಫ್ಯಾನ್ 20 ನಿಮಿಷ ನಿಂತಿತ್ತು" ಎಂದಿದೆ. ಆ ಪುಟದಲ್ಲಿ ನೀರಿನ ಕಲೆ ಇದೆ, 134 ಇರುವಲ್ಲಿ ಮೊದಲು 143 ಬರೆದು ಹೊಡೆದುಹಾಕಿದ್ದಾರೆ. ನೋಡಲು ಚೆಂದವಿಲ್ಲ, ಒಪ್ಪುತ್ತೇವೆ. ಆದರೆ ಆ ಪೆನ್ಸಿಲ್ ಸಾಲಿನಿಂದಲೇ ಫ್ಯಾನ್ ಇಲ್ಲದಾಗ ಎಷ್ಟು ನಿಧಾನ ಎಂಬುದು ಪುಕ್ಕಟೆಯಾಗಿ ಸಿಕ್ಕಿತು. ಇಂಥ ಪುಟವನ್ನು ಮನೆಯಲ್ಲಿ ಕೂರಿಸಿ ಫೇರ್ ಕಾಪಿ ಮಾಡಿಸಿದಾಗ ಆಗುವುದೇನು ಎಂದು ಹಿಂದಿನ ವರ್ಷಗಳಲ್ಲಿ ಕಂಡಿದ್ದೇವೆ. ಪಕ್ಕದ ಟಿಪ್ಪಣಿ ಮೊದಲು ಮಾಯವಾಗುತ್ತದೆ, ಆಮೇಲೆ ಹೊಂದದ ಅಂಕಿ "ಸರಿ" ಆಗುತ್ತದೆ. ಬೇಕೆಂದು ಯಾರೂ ಸುಳ್ಳು ಬರೆಸುವುದಿಲ್ಲ. ನೀಟಾಗಿರಲಿ ಎಂಬ ಆಸೆ, ಅಷ್ಟೇ. ಆದರೂ ತೀರ್ಪುಗಾರರ ಕೈಗೆ ಹೋಗುವುದು ಯಾರೂ ಅಳೆಯದ ಅಂಕಿಗಳು.

ಆದ್ದರಿಂದ ಈ ವರ್ಷದಿಂದ 100 ಅಂಕಗಳಲ್ಲಿ ನೋಟ್‌ಬುಕ್‌ಗೆ 30, ವಿಧಾನಕ್ಕೆ 25, ಅಳತೆಗಳಿಂದ ತೆಗೆದ ಉತ್ತರಕ್ಕೆ 20, ಪ್ರಶ್ನೆಗೆ 15. ಚಾರ್ಟು, ಮಾಡೆಲ್, ಅಲಂಕಾರ ಎಲ್ಲ ಸೇರಿ 10. ನೋಟ್‌ಬುಕ್ ಪುಟ ಹರಿಯುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ತಪ್ಪಿದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಪ್ರತಿ ಪುಟಕ್ಕೂ ದಿನಾಂಕ, ಸಮಯ.

ಮಾಡೆಲ್ ಬೇಡವೇ ಬೇಡ ಎಂದು ನಾವು ಹೇಳಿಲ್ಲ. ಮಗು ತಾನೇ ಮಾಡಿದ್ದು, ಪ್ರಯೋಗಕ್ಕೆ ಬಳಸಿದ್ದು ಇದ್ದರೆ ಮೇಜಿನ ಮೇಲೆ ಧಾರಾಳವಾಗಿ ಇಡಲಿ. ವಾಪಸ್ ಕಳುಹಿಸಿದ್ದು ಸೋಡಾ ಪುಡಿ ಮತ್ತು ವಿನೆಗರ್ ಬೆರೆಸಿ ಉಕ್ಕಿಸುವ ಜ್ವಾಲಾಮುಖಿ, ಕಿಟ್ ಜೋಡಿಸಿದ ರೋಬೋ, ಥರ್ಮಾಕೋಲ್‌ನ ಸೌರಮಂಡಲ ಇಂಥವನ್ನು. ಅವುಗಳಲ್ಲಿ ಏನಾಗುತ್ತದೆ ಎಂಬುದು ಮೊದಲೇ ಗೊತ್ತು. ಗೊತ್ತಿಲ್ಲದ್ದು ಒಂದೂ ಇಲ್ಲದಿದ್ದರೆ ಅಳೆಯುವುದೇನು? ಬ್ಯಾಟರಿಯೇ ಇಲ್ಲದೆ ತನ್ನಷ್ಟಕ್ಕೆ ತಿರುಗುತ್ತಲೇ ಇರುವ "ಉಚಿತ ವಿದ್ಯುತ್" ಫ್ಯಾನ್ ಒಂದೂ ಬಂದಿತ್ತು. ವಿಡಿಯೊಗಳಲ್ಲಿ ಅದು ತಿರುಗುವುದು ಎಲ್ಲೋ ಅಡಗಿಸಿಟ್ಟ ಬ್ಯಾಟರಿಯಿಂದ. ಶಕ್ತಿ ಸಂರಕ್ಷಣೆಯ ನಿಯಮವನ್ನು ನಮ್ಮ ಶಾಲೆಯ ಮೇಳದಲ್ಲಿ ಮುರಿಯಲು ಬಿಡಲಾಗದು.

ಇದು ನಾವೊಬ್ಬರೇ ಹಿಡಿದ ಹಟವೆಂದು ಭಾವಿಸಬೇಡಿ. 1950ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಹಲವು ದೇಶಗಳ ಮಕ್ಕಳು ಸೇರುವ ಐಸೆಫ್ ವಿಜ್ಞಾನ ಮೇಳದ ನಿಯಮಗಳಲ್ಲೂ ಬರೀ ಪ್ರದರ್ಶನದ ಪ್ರಾಜೆಕ್ಟು, ವಿವರಣೆಯ ಮಾಡೆಲ್ಲು, ಕಿಟ್ ಜೋಡಣೆ ಸಲ್ಲವೆಂದೇ ಇದೆ.

"ರಿಸಲ್ಟ್ ಬರಲಿಲ್ಲ, ವಿಷಯ ಬದಲಿಸಿಕೊಡಿ" ಎಂಬ ಕೋರಿಕೆಯೂ ಬಂದಿದೆ. ಆ ತಂಡದ್ದು ತರಗತಿಯ ಗದ್ದಲದ ಪ್ರಶ್ನೆ: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಪಕ್ಕದ ಕೋಣೆಯ ಸದ್ದು ಕಡಿಮೆಯಾಗುತ್ತದೆಯೇ? ರಟ್ಟಿನ ಪೆಟ್ಟಿಗೆಯೊಳಗೆ ಬಜರ್ ಇಟ್ಟು, 50 ಸೆಂ.ಮೀ. ದೂರದಲ್ಲಿ ಫೋನ್ ಇಟ್ಟು ಅಳೆದರು. ಮೊದಲು ಟ್ರೇ ಇಲ್ಲದೆ ಎಲ್ಲ ಅಳತೆ, ನಂತರ ಟ್ರೇ ಹಾಕಿ ಎಲ್ಲ ಅಳತೆ. 5 ಡೆಸಿಬೆಲ್ ಇಳಿಯಿತು, ಮಕ್ಕಳು ಕುಣಿದಾಡಿದರು. ಆದರೆ ಅಷ್ಟು ಹೊತ್ತು ಕೂಗಿದ ಬಜರ್‌ನ ಬ್ಯಾಟರಿ ಇಳಿದು ಸದ್ದೇ ಕುಗ್ಗಿತ್ತು. ಹೊಸ ಬ್ಯಾಟರಿ ಹಾಕಿ, ಟ್ರೇ ಇಲ್ಲದೆ ಒಮ್ಮೆ, ಟ್ರೇ ಹಾಕಿ ಒಮ್ಮೆ ಎಂದು ಸರದಿಯ ಮೇಲೆ ಅಳೆದಾಗ ವ್ಯತ್ಯಾಸ 1 ಡೆಸಿಬೆಲ್‌ಗೆ ಬಂತು. ಏನನ್ನೂ ಬದಲಿಸದೆ ಅಳೆದರೂ ಆ ಫೋನು 2 ಡೆಸಿಬೆಲ್ ಆಚೀಚೆ ತೋರಿಸುತ್ತದೆ. ಸದ್ದು ತಡೆಯಲು ತೂಕವಿರುವ ಗೋಡೆ ಬೇಕು, ಸಂದುಗಳು ಮುಚ್ಚಿರಬೇಕು. ಹಗುರವಾದ ಟ್ರೇ ಅದನ್ನು ಮಾಡದು. "ನಮ್ಮ ಫೋನಿನಿಂದ ಅಳೆಯುವಷ್ಟು ವ್ಯತ್ಯಾಸ ಕಾಣಲಿಲ್ಲ" ಎಂಬುದೇ ಆ ತಂಡದ ರಿಸಲ್ಟ್. ಅದಕ್ಕೆ ಪೂರ್ತಿ ಅಂಕ ಉಂಟು, ಮಗುವಿಗೂ ದಯವಿಟ್ಟು ಹಾಗೆಯೇ ಹೇಳಿ. ವಿಷಯ ಬದಲಿಸುವುದಿಲ್ಲ.

ಸೋರುವ ನಲ್ಲಿಯ ತಂಡದ ಬಗ್ಗೆ ಒಂದು ಮಾತು. ದಿನಕ್ಕೆ ಎಷ್ಟು ನೀರು ಪೋಲು ಎಂಬುದನ್ನು ಮನೆಯಲ್ಲೇ ಇಂಟರ್ನೆಟ್‌ನಿಂದ ಲೆಕ್ಕ ಹಾಕಿಸಿ ಕಳುಹಿಸಿದ್ದೀರಿ. ಸೆಕೆಂಡಿಗೊಂದು ಹನಿಯಾದರೆ ದಿನಕ್ಕೆ 86,400 ಹನಿ, ಸರಿ. ಒಂದು ಹನಿ 0.05 ಮಿ.ಲೀ. ಎಂದು ಹಿಡಿದರೆ 4.3 ಲೀಟರ್ ಆಗುತ್ತದೆ, 0.25 ಎಂದು ಹಿಡಿದರೆ 21.6 ಲೀಟರ್. ಎರಡೂ ಅಂಕಿ ಇಂಟರ್ನೆಟ್‌ನಲ್ಲಿ ಸಿಗುತ್ತವೆ, ಉತ್ತರದಲ್ಲಿ ಐದು ಪಟ್ಟು ವ್ಯತ್ಯಾಸ. ನಲ್ಲಿಯ ಕೆಳಗೆ ಅಳತೆ ಜಾಡಿ ಇಟ್ಟು 10 ನಿಮಿಷ ಹಿಡಿದು, ಬಂದದ್ದನ್ನು 144ರಿಂದ ಗುಣಿಸಿದರೆ ಹನಿಯ ಗಾತ್ರದ ಗೊಡವೆಯೇ ಇಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಿಡಿಯಬೇಕು, ಏಕೆಂದರೆ ಟ್ಯಾಂಕಿನ ನೀರಿನ ಮಟ್ಟ ಇಳಿದಾಗ ಒತ್ತಡವೂ ಇಳಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಚರ್ಚೆ ಇಲ್ಲ. ಮರಳು, ಜಲ್ಲಿ, ಇದ್ದಿಲಿನ ಬಾಟಲಿ ಫಿಲ್ಟರ್ ಮಾಡುವ ಮಕ್ಕಳು ನೀರಿನ ಕದಡನ್ನು ಮಾತ್ರ ಅಳೆಯುತ್ತಾರೆ: ಉದ್ದ ಗಾಜಿನ ಕೊಳವೆಯ ತಳದಲ್ಲಿ ಕಪ್ಪು ಗುರುತು ಇಟ್ಟು, ಅದು ಮರೆಯಾಗುವವರೆಗೆ ನೀರು ಸುರಿದು, ಎತ್ತರ ಬರೆದುಕೊಳ್ಳುತ್ತಾರೆ. ಇದ್ದಿಲನ್ನು ಮೊದಲು ಚೆನ್ನಾಗಿ ತೊಳೆಯದಿದ್ದರೆ ನೀರು ಇನ್ನಷ್ಟು ಕಪ್ಪಾಗಿ ಬರುತ್ತದೆ, ಗಾಬರಿ ಬೇಡ. ತಿಳಿಯಾಗಿ ಕಂಡ ಆ ನೀರನ್ನು ಯಾರೂ ಕುಡಿಯಬಾರದು, "ನೋಡಿ ಎಷ್ಟು ಶುದ್ಧ" ಎಂದು ಕುಡಿದು ತೋರಿಸಲೂಬಾರದು. ಕದಡು ಹೋದ ಮಾತ್ರಕ್ಕೆ ರೋಗಾಣು ಹೋಗುವುದಿಲ್ಲ. ಬಾಗಿಲ ಹಿಡಿಕೆಯಿಂದ ಸೂಕ್ಷ್ಮಜೀವಿ ತೆಗೆದು ಮನೆಯಲ್ಲಿ ಬೆಳೆಸುವ ಪ್ರಾಜೆಕ್ಟಿಗೆ ಅನುಮತಿ ಇಲ್ಲ. ಏನು ಬೆಳೆದಿದೆ ಎಂದು ಕಣ್ಣಿನಿಂದ ಹೇಳಲಾಗದು.

ಶಾಲಾ ಬ್ಯಾಗಿನ ಭಾರದ ಪ್ರಾಜೆಕ್ಟ್‌ನಲ್ಲಿ ಬ್ಯಾಗ್ ತೂಗುವುದಕ್ಕೆ ತೊಂದರೆಯಿಲ್ಲ. ಮಗುವಿನ ತೂಕವೂ ಬೇಕಾಗುವುದರಿಂದ ನಿಮ್ಮ ಒಪ್ಪಿಗೆ ಮೊದಲೇ ಬೇಕು. ಹೆಸರು ಎಲ್ಲೂ ಬರುವುದಿಲ್ಲ, ಕ್ರಮಸಂಖ್ಯೆ ಮಾತ್ರ. ತೂಗುವುದು ಶಿಕ್ಷಕಿಯೊಬ್ಬರು, ಪರದೆಯ ಹಿಂದೆ. ಅಂಕಿಯನ್ನು ಇತರ ಮಕ್ಕಳ ಮುಂದೆ ಓದುವುದಿಲ್ಲ.

"ಹಾಗಾದರೆ ನಾವು ಸಹಾಯವೇ ಮಾಡಬಾರದೇ?" ಎಂದು ನೀವು ಕೇಳಿದ ದನಿಯಲ್ಲಿ ನೋವಿತ್ತು. ಖಂಡಿತ ಮಾಡಿ. ಬ್ಲೇಡಿನಿಂದ ಕತ್ತರಿಸುವುದು, ಬಿಸಿ ನೀರು ಸುರಿಯುವುದು, ಎತ್ತರದಲ್ಲಿ ಕಟ್ಟುವುದು ನಿಮ್ಮ ಕೆಲಸವೇ. ಗಡಿಯಾರ ನೋಡಿ ಸಮಯ ಕೂಗಿ. "ಇದನ್ನು ಹೇಗೆ ಅಳೆದೆ? ಇನ್ನೊಂದು ಸಲ ಅಳೆದರೂ ಇಷ್ಟೇ ಬರುತ್ತದಾ?" ಎಂದು ಕೇಳಿ, ಈ ಎರಡು ಪ್ರಶ್ನೆಗಳಷ್ಟು ದೊಡ್ಡ ಸಹಾಯ ಬೇರೊಂದಿಲ್ಲ. ಉತ್ತರ ಗೊತ್ತಿದ್ದರೂ ಎರಡು ದಿನ ತಡೆದುಕೊಳ್ಳಿ. ಪೆನ್ನು ಮಾತ್ರ ಮಗುವಿನ ಕೈಯಲ್ಲೇ ಇರಲಿ. ವರದಿಯನ್ನು ಚಾಟ್‌ಬಾಟ್ ಕೈಲಿ ಬರೆಸಿದರೂ ಅಷ್ಟೇ: ತೀರ್ಪುಗಾರರು ಯಾವುದೋ ಒಂದು ಪುಟ ತೆರೆದು "ಈ ಅಂಕಿ ಯಾಕೆ ಹೊಡೆದುಹಾಕಿದ್ದು?" ಎಂದು ಕೇಳಿದಾಗ ಎದುರಿಗೆ ನಿಂತಿರುವುದು ಮಗು ಒಂದೇ.

ನಿಮ್ಮ ಮಗುವಿನ ಕೆಲಸ ಎಲ್ಲರೆದುರು ಚೆಂದ ಕಾಣಲಿ ಎಂಬ ನಿಮ್ಮ ಆಸೆ ನಮಗೆ ಅರ್ಥವಾಗದ್ದಲ್ಲ. ಅದಕ್ಕೆಂದೇ ಚಾರ್ಟ್ ಬರೆಯಲು ಕೊನೆಯ ವಾರ ಪೂರ್ತಿ ಬಿಟ್ಟಿದ್ದೇವೆ, ಹಾಳೆ, ಬಣ್ಣ ಶಾಲೆಯೇ ಕೊಡುತ್ತದೆ. ಚಾರ್ಟ್ ಎಷ್ಟು ಬೇಕಾದರೂ ನೀಟಾಗಿರಲಿ. ನೋಟ್‌ಬುಕ್ ಹೇಗಿದೆಯೋ ಹಾಗೇ ಬರಲಿ. ವಾಪಸ್ ಬಂದ ವಿಷಯಗಳ ಬದಲು ಹೊಸ ಪ್ರಶ್ನೆ ಹುಡುಕಲು ಇನ್ನೊಂದು ವಾರ ಕೊಟ್ಟಿದ್ದೇವೆ. ಜ್ವಾಲಾಮುಖಿಯ ತಂಡಕ್ಕೆ ನಮ್ಮ ವಿಜ್ಞಾನ ಶಿಕ್ಷಕರು ಈಗಾಗಲೇ ಒಂದು ದಾರಿ ತೋರಿಸಿದ್ದಾರೆ: ಅದೇ ವಿನೆಗರ್‌ನಿಂದ ಕೆಟಲ್ ಒಳಗಿನ ಬಿಳಿ ಸುಣ್ಣದ ಪದರ ಎಷ್ಟು ಹೊತ್ತಿಗೆ ಕರಗುತ್ತದೆ, ನೀರು ಬೆರೆಸಿದರೆ ಎಷ್ಟು ತಡವಾಗುತ್ತದೆ. ಮಕ್ಕಳು ಒಪ್ಪಿದ್ದಾರೆ.

ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು

ವಿ.ಸೂ.: ಮಕ್ಕಳು ತಾವೇ ಜೋಡಿಸುವ ಸರ್ಕ್ಯೂಟ್‌ಗಳನ್ನು ಗೋಡೆಯ ಪ್ಲಗ್‌ಗೆ ಸಿಕ್ಕಿಸುವಂತಿಲ್ಲ. 9 ವೋಲ್ಟ್‌ವರೆಗಿನ ಬ್ಯಾಟರಿ ಸಾಕು. ಫ್ಯಾನ್, ಕೆಟಲ್ ಬೇಕಾದವರು ಶಾಲೆಯದ್ದನ್ನೇ ಶಿಕ್ಷಕರ ಎದುರು ಬಳಸಲಿ.