ಬೇವಿನ ಗಿಡಗಳಿಗೆ ಗೆದ್ದಲಿನ ಔಷಧಿ: ತಪ್ಪು ಚಿಕಿತ್ಸೆಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಕೀಟ ನಿಯಂತ್ರಣ ಮತ್ತು ಮರ ಆರೈಕೆ ಸೇವೆ, ವಿಜಯಪುರ

ಮಾನ್ಯರೇ,

ನಮ್ಮ ಬಡಾವಣೆಯ ಉದ್ಯಾನದ ಏಳು ಹಳೆಯ ಬೇವಿನ ಗಿಡಗಳಿಗೆ ಸೆಪ್ಟೆಂಬರ್‌ನಲ್ಲಿ ನಿಮ್ಮ ಸಿಬ್ಬಂದಿ ‘ಗೆದ್ದಲು ಬಾಧೆ’ ಎಂದು ಬರೆದು, ಬುಡಕ್ಕೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಸುರಿದು, ನೆತ್ತಿ ಕಡಿದು, ಬಿಲ್ ಕೊಟ್ಟು ಹೋದರು. ಎರಡು ಗಿಡ ಕೆಡವಲೇಬೇಕು ಎಂದೂ ಬರೆದಿದ್ದಾರೆ.

ಕಾಂಡದ ಮೇಲೆ ಗೆದ್ದಲಿನ ಮಣ್ಣು ಇದ್ದದ್ದು ನಿಜ. ಅದನ್ನು ಕೆರೆದು ನೋಡಿದ್ದರೆ ಗೆದ್ದಲು ತಿಂದಿರುವುದು ಮೇಲಿನ ಸತ್ತ ತೊಗಟೆಯನ್ನಷ್ಟೇ, ಒಳಗಿನ ಪದರ ಹಸಿಯಾಗಿಯೇ ಇದೆ ಎಂದು ಗೊತ್ತಾಗುತ್ತಿತ್ತು. ಈ ಗಿಡಗಳು ಒಣಗುತ್ತಿರುವುದು ತುದಿಯಿಂದ ಕೆಳಕ್ಕೆ. ಮಳೆಗಾಲದಲ್ಲಿ ಚಿಗುರು ಕಂದಿ ಜೋತುಬಿದ್ದು, ಒಣಗು ಟೊಂಗೆಗುಂಟ ಇಳಿದಿದೆ. ಇದು ಫೋಮಾಪ್ಸಿಸ್ ಶಿಲೀಂಧ್ರದಿಂದ ಬರುವ ತುದಿ ಒಣಗು ರೋಗದ ಲಕ್ಷಣ. ಎಳೆ ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆಯೂ ಜೊತೆಗಿದೆ. ಚಿಗುರಿನ ಮೇಲಿನ ಕಂದು ಚುಕ್ಕೆಗಳು ಅದರದೇ. ಬುಡಕ್ಕೆ ಸುರಿದ ಕೀಟನಾಶಕ ಶಿಲೀಂಧ್ರವನ್ನು ಮುಟ್ಟುವುದೇ ಇಲ್ಲ.

ಅದಕ್ಕಿಂತ ದೊಡ್ಡ ಹಾನಿ ಕಡಿದದ್ದರಿಂದ ಆಗಿದೆ. ದಪ್ಪ ಟೊಂಗೆಗಳನ್ನು ನಡುವೆಯೇ ಮೊಟಕು ಮಾಡಿದರೆ ಗಿಡ ಗಾಬರಿಯಿಂದ ಗುಂಪು ಗುಂಪಾಗಿ ಎಳೆ ಚಿಗುರು ಬಿಡುತ್ತದೆ. ಟೀ ಸೊಳ್ಳೆಗೂ ಶಿಲೀಂಧ್ರಕ್ಕೂ ಬೇಕಾದದ್ದು ಅದೇ ಚಿಗುರು. ರೋಗದ ಟೊಂಗೆ ಕಡಿದ ಗರಗಸವನ್ನು ಒರೆಸದೆಯೇ ಮುಂದಿನ ಗಿಡಕ್ಕೆ ಬಳಸಿದ್ದಾರೆ, ಗಾಯಗಳಿಗೆ ಏನನ್ನೂ ಹಚ್ಚಿಲ್ಲ, ಕಡಿದ ರಾಶಿ ಇನ್ನೂ ಗಿಡಗಳ ಕೆಳಗೇ ಬಿದ್ದಿದೆ. ಮಳೆ ಹನಿಯಲ್ಲಿ ಸೋಂಕು ಹರಡುವ ರೋಗವಿದು!

ಆಗಬೇಕಾದ ಕೆಲಸ ಇಷ್ಟು. ಒಣಗಿದ ಭಾಗದಿಂದ 15 ರಿಂದ 20 ಸೆಂ.ಮೀ. ಕೆಳಗೆ, ಹಸಿ ಕಟ್ಟಿಗೆಯಲ್ಲಿ, ಟೊಂಗೆ ಕವಲೊಡೆಯುವಲ್ಲಿನ ಉಬ್ಬನ್ನು ಉಳಿಸಿ ಕತ್ತರಿಸಬೇಕು. ಪ್ರತಿ ಗಿಡಕ್ಕೂ ಮೊದಲು ಗರಗಸವನ್ನು ಸ್ಪಿರಿಟ್‌ನಿಂದ ಒರೆಸಬೇಕು. ಗಾಯಕ್ಕೆ ಬೋರ್ಡೋ ಮುಲಾಮು: 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 10 ಲೀಟರ್ ನೀರು. ಮೈಲುತುತ್ತನ್ನು ಕಬ್ಬಿಣದ ಬಕೆಟ್‌ನಲ್ಲಿ ಕಲಸಬಾರದು, ಪ್ಲಾಸ್ಟಿಕ್ಕೇ ಬೇಕು. ನಂತರ ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಬೆರೆಸಿ, ತುದಿಯ ಚಿಗುರಿನವರೆಗೂ ತಲುಪುವ ಪಂಪಿನಿಂದ, ಗಾಳಿಯಿಲ್ಲದ ಮುಂಜಾನೆ ಸಿಂಪಡಿಸಬೇಕು. ಕಡಿದ ರಾಶಿಯನ್ನು ಆವರಣದಿಂದ ಹೊರಗೆ ಸಾಗಿಸಬೇಕು.

ಗಿಡ ಕೆಡಹುವ ಸಲಹೆಯನ್ನು ಲಿಖಿತವಾಗಿ ಹಿಂಪಡೆಯಿರಿ. ಈ ರೋಗ ತಗುಲಿದ ಬೇವು ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಕೆಡಹುವುದಿದ್ದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು; ನಿಮ್ಮ ವರದಿಯಲ್ಲಿ ಅದರ ಪ್ರಸ್ತಾಪವೇ ಇಲ್ಲ.

ಗೆದ್ದಲು ಚಿಕಿತ್ಸೆಗೆ ಪಡೆದ ಪೂರ್ತಿ ಹಣವನ್ನು 15 ದಿನದೊಳಗೆ ಮರಳಿಸಿ, ಮೇಲಿನ ಕೆಲಸವನ್ನು ಗಿಡಗಳ ಬಗ್ಗೆ ತಿಳಿದವರ ಎದುರಿನಲ್ಲಿ ನಿಮ್ಮ ಖರ್ಚಿನಲ್ಲೇ ಮಾಡಿಕೊಡಬೇಕು. ತಪ್ಪಿದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಪ್ರತಿ ಗಿಡದ ಫೋಟೊ ಮತ್ತು ಬಿಲ್ಲಿನ ಪ್ರತಿ ಲಗತ್ತಿಸಿದ್ದೇವೆ.

ಇಂತಿ,
ಬಡಾವಣೆಯ ನಿವಾಸಿಗಳ ಸಂಘ